ಉಣುಗೋಲು, ಊರುಗೋಲು

ನಮ್ಮ ಕೊಪ್ಪದ ಕಡೆ ತೋಟದ ಬೇಲಿಗೆ ಬಾಗಿಲು ಇಡುತ್ತಿರಲಿಲ್ಲ, ಉಣುಗೋಲು ಇಡುತ್ತಿದ್ದರು. ಎರಡು ಕಂಬ, ಕಂಬಗಳಲ್ಲಿ ಸಾಲಾಗಿ ತೂತು, ಆ ತೂತುಗಳಿಗೆ ಅಡ್ಡಡ್ಡ ತೂರಿಸಿದ ಗಳಗಳು. ಮನುಷ್ಯರು ಬಂದರೆ ಎರಡು ಗಳ ಸರಿಸಿ ದಾಟುತ್ತಾರೆ, ಮತ್ತೆ ಇದ್ದ ಹಾಗೆ ಇಡುತ್ತಾರೆ. ದನಕ್ಕೆ ಆ ವಿದ್ಯೆ ಬಾರದು. ಸಾಗರ, ಶಿರಸಿಯ ಕಡೆಯವರು ಇದಕ್ಕೆ ದಣಪೆ ಅನ್ನುತ್ತಾರೆ. ಘಟ್ಟ ಇಳಿದು ಕಾಸರಗೋಡಿನ ಕಡೆ ಹೋದರೆ ತಡಮೆ ಸಿಗುತ್ತದೆ. ಅದರಲ್ಲಿ ಸರಿಸುವುದೂ ಇಲ್ಲ, ಕಾಲೆತ್ತಿ ದಾಟುವುದಷ್ಟೇ.

ಹೆಸರು ಯಾವುದಾದರೂ ಕೆಲಸ ಒಂದೇ. ಯಾರು ಒಳಗೆ ಬರಬಹುದು, ಯಾರು ಬರಬಾರದು ಎಂಬುದನ್ನು ಕಾವಲಿಗೆ ಯಾರೂ ನಿಲ್ಲದೆ ತೀರ್ಮಾನಿಸುವುದು. ಆ ತೀರ್ಮಾನವನ್ನು ಅದು ಕಾಲು ನೋಡಿ ಮಾಡುತ್ತದೆ. ನಮ್ಮ ಅಜ್ಜಿ ಕೊನೆಯ ಐದಾರು ವರ್ಷ ತೋಟಕ್ಕೆ ಇಳಿಯಲೇ ಇಲ್ಲ. ಸೊಂಟ ಬಾಗಿತ್ತು, ಕೈಯಲ್ಲಿ ಊರುಗೋಲಿತ್ತು. ಗಳ ಸರಿಸಬೇಕಾದರೆ ಊರುಗೋಲು ಬಿಡಬೇಕು, ಊರುಗೋಲು ಬಿಟ್ಟರೆ ನಿಲ್ಲಲಾಗದು. ಬೇಲಿಯ ಲೆಕ್ಕದಲ್ಲಿ ಅಜ್ಜಿಯೂ ದನವೂ ಒಂದೇ ಕಡೆ ಉಳಿದವು.

ಈ ಎರಡು ಶಬ್ದಗಳು ಒಂದರ ಪಕ್ಕ ಇನ್ನೊಂದು ಬಂದು ಕೂತದ್ದು ಭಾಷಾಶಾಸ್ತ್ರದ ತರಗತಿಯಲ್ಲಲ್ಲ, ಒಂದು ಮೆಟ್ರೋ ನಿಲ್ದಾಣದಲ್ಲಿ. ಯಾವ ಊರಿನದು ಎಂದು ಹೇಳುವುದಿಲ್ಲ, ದೊಡ್ಡ ಊರು. ನನ್ನ ಅತ್ತೆ, ಅಪ್ಪನ ತಂಗಿ, ಬದಿಯಡ್ಕದ ಹತ್ತಿರ ಮದುವೆಯಾಗಿ ಹೋದವರು. ಈಗ ಅರವತ್ತೆಂಟು. ಪಾರ್ಶ್ವವಾಯು ಬಂದು ಹೋದ ಮೇಲೆ ಬಲಗಾಲು ಎಳೆಯುತ್ತದೆ, ಬಲಗೈಯಲ್ಲಿ ಹಿಡಿತ ಕಡಿಮೆ. ವಾಕರ್ ಹಿಡಿದು ನಡೆಯುತ್ತಾರೆ. ನಾನೇ ಮುಂದಾಗಿ ಅವರ ಟೋಕನ್ ಮುಟ್ಟಿಸಿದೆ. ರೆಕ್ಕೆಗಳು ತೆರೆದವು. ಅತ್ತೆ ವಾಕರ್ ಎತ್ತಿ ಮುಂದಿಟ್ಟರು, ಎಡಗಾಲು ಇಟ್ಟರು, ಬಲಗಾಲು ಎಳೆಯುವಷ್ಟರಲ್ಲಿ ರೆಕ್ಕೆಗಳು ಮುಚ್ಚಿ ವಾಕರಿನ ಹಿಂಗಾಲಿಗೆ ಬಡಿದವು. ಹಿಂದಿದ್ದ ಯಾರೋ ಹುಡುಗ ಹಿಡಿದುಕೊಳ್ಳದಿದ್ದರೆ ಬಿದ್ದೇ ಬೀಳುತ್ತಿದ್ದರು. ಮೊಣಕೈ ತರಚಿತು, ಅಷ್ಟೆ. ಆದರೆ ಅಂದಿನಿಂದ ಅತ್ತೆ, "ನನಗೆ ಆ ಉಣುಗೋಲಿನ ರೈಲು ಬೇಡ ಮಾರಾಯ್ತಿ" ಎಂದುಬಿಟ್ಟರು. ಹೆಸರಿಟ್ಟದ್ದು ಅವರೇ.

ಬೇಡ ಅಂದದ್ದು ರೈಲನ್ನಷ್ಟೇ ಅಲ್ಲ ಎಂದು ನನಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಮದುವೆ ಮನೆ ಬೇಡ, ದೇವಸ್ಥಾನ ಬೇಡ, ಮಗಳ ಮನೆ ಬೇಡ. ಕೊನೆಗೆ ತಿರುವನಂತಪುರದ ಆಸ್ಪತ್ರೆಗೆ ತೋರಿಸಲು ಹೋಗುವುದೂ ಬೇಡ ಎಂಬಲ್ಲಿಗೆ ಬಂತು. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆಯೆಂದರೆ ಮಂಗಳೂರು, ಇಲ್ಲವೇ ರಾತ್ರಿಯಿಡೀ ರೈಲಿನಲ್ಲಿ ಕೂತು ತಿರುವನಂತಪುರ. ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿ. ನಡುವೆ ಕೊಚ್ಚಿಯಲ್ಲಿ ಮಗಳ ಮನೆ. ಆ ದಾರಿಯನ್ನು ಮತ್ತೆ ತೆರೆಯಬೇಕಾದರೆ ಮೊದಲು ಈ ಗೇಟು ಎಂಬ ವಸ್ತು ಏನು, ಅದು ಹೇಗೆ ಯೋಚಿಸುತ್ತದೆ ಎಂದು ನನಗೆ ತಿಳಿಯಬೇಕಿತ್ತು. ಈ ಬರಹ ಅಲ್ಲಿಂದ ಹುಟ್ಟಿತು.

ರೈಲು ಬಂದ ಹೊಸತರಲ್ಲಿ ನಿಲ್ದಾಣಕ್ಕೆ ಯಂತ್ರದ ಗೇಟು ಬೇಕಿರಲಿಲ್ಲ, ಏಕೆಂದರೆ ಮನುಷ್ಯನಿದ್ದ. ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ ಎಂಬಾತ ಮೊದಲು ಪೀಠೋಪಕರಣ ಮಾಡುವ ಬಡಗಿ, ಆಮೇಲೆ ಸ್ಟೇಷನ್ ಮಾಸ್ತರ. 1830ರ ದಶಕದ ಕೊನೆಯಲ್ಲಿ ಕ್ರಮಸಂಖ್ಯೆ ಇರುವ ಪುಟ್ಟ ರಟ್ಟಿನ ಟಿಕೆಟನ್ನು ರೂಢಿಗೆ ತಂದವನು ಆತನೇ. ನಮ್ಮಲ್ಲಿ ಕಂಪ್ಯೂಟರ್ ಬರುವವರೆಗೂ ಕೈಯಲ್ಲಿ ಹಿಡಿದು ಬೆವರಿಸಿದ ಆ ದಪ್ಪ ಟಿಕೆಟ್ ಅದೇ. ಟಿಕೆಟಿಗೆ ಸಂಖ್ಯೆ ಬಂದ ಮೇಲೆ ಅದನ್ನು ನೋಡಿ ತೂತು ಮಾಡುವವನು, ಹೊರಬರುವಾಗ ವಾಪಸು ಪಡೆಯುವವನು ಬೇಕಾದರು. ನಿಲ್ದಾಣದ ಬಾಗಿಲಲ್ಲಿ ಟಿಕೆಟ್ ಕಲೆಕ್ಟರ್ ನಿಂತ. ಆತ ಗದರಬಹುದು, ಲಂಚ ತಿನ್ನಬಹುದು. ಆದರೆ ಊರುಗೋಲಿನ ಮುದುಕಿ ಬಂದರೆ ಕಾಯುತ್ತಿದ್ದ. ಎಷ್ಟು ಸೆಕೆಂಡು ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೇರಳದ ಈ ಎರಡು ಊರುಗಳಿಗೆ ರೈಲು ಬಂದದ್ದು ತಡವಾಗಿ, ಅದೂ ಹಣದ ತಾಪತ್ರಯದೊಡನೆ. ಶೊರನೂರಿನಿಂದ ಎರ್ನಾಕುಲಂಗೆ ಹಳಿ ಹಾಕಲು ಕೊಚ್ಚಿಯ ರಾಜ ರಾಮವರ್ಮ ತೃಪ್ಪೂಣಿತ್ತುರದ ಪೂರ್ಣತ್ರಯೀಶ ದೇವಸ್ಥಾನದ ಆನೆಗಳ ಚಿನ್ನದ ನೆತ್ತಿಪಟ್ಟಗಳನ್ನು ಮಾರಿಸಿದ ಕಥೆಯನ್ನು ಆ ಊರಿನವರು ಇಂದಿಗೂ ಹೇಳುತ್ತಾರೆ. ಹದಿನೈದರಲ್ಲಿ ಹದಿನಾಲ್ಕು ಹೋದವಂತೆ. 1902ರಲ್ಲಿ ರೈಲು ಬಂತು. ಅದೇ ದಶಕದಲ್ಲಿ, 1907ರಲ್ಲಿ, ಪಶ್ಚಿಮ ಕರಾವಳಿಯ ಹಳಿ ಕಾಸರಗೋಡು ದಾಟಿ ಮಂಗಳೂರು ಮುಟ್ಟಿತು. ತಿರುವನಂತಪುರದ ಅಂಚಿಗೆ ಕೊಲ್ಲಂ ಕಡೆಯಿಂದ ರೈಲು ಬಂದದ್ದು 1918ರಲ್ಲಿ, ಊರೊಳಗಿನ ತಂಬಾನೂರಿಗೆ 1931ರಲ್ಲಿ. ಇಂದಿನ ಸೆಂಟ್ರಲ್ ನಿಲ್ದಾಣದ ಕಲ್ಲಿನ ಕಟ್ಟಡ ಆ ಕಾಲದ್ದು. ಕಟ್ಟಿಸಿದವರಿಗೆ ಆನೆ ನೆನಪಿತ್ತು, ಸರಕು ನೆನಪಿತ್ತು, ಮಹಾರಾಜರ ಸಲೂನು ನೆನಪಿತ್ತು. ಮೆಟ್ಟಿಲು ಹತ್ತಲಾರದವರು ನೆನಪಿರಲಿಲ್ಲ. ಅವರನ್ನು ಎತ್ತಿಕೊಳ್ಳಲು ಜನ ಇದ್ದಾರಲ್ಲ ಎಂಬುದು ಆ ಕಾಲದ ಉತ್ತರ. ಬಹಳ ಕಾಲ ಅದೊಂದೇ ಉತ್ತರವಾಗಿತ್ತು.

ಯಂತ್ರ ಬಂದದ್ದು ಜನಸಂದಣಿಯಿಂದ. 1967ರಲ್ಲಿ ಜಪಾನಿನ ಒಸಾಕಾ ಹತ್ತಿರದ ಕಿತಾ ಸೆನ್ರಿ ನಿಲ್ದಾಣದಲ್ಲಿ ಒಮ್ರೋನ್ ಕಂಪನಿ ಸ್ವಯಂಚಾಲಿತ ಟಿಕೆಟ್ ಗೇಟುಗಳನ್ನು ಕೂರಿಸಿತು. ಅದರ ಬಗ್ಗೆ ಒಂದು ಚಂದದ ಕಥೆ ಇದೆ. ಜನ ಟಿಕೆಟನ್ನು ಓರೆಯಾಗಿ ತೂರಿಸುತ್ತಿದ್ದರು, ಯಂತ್ರ ಸಿಕ್ಕಿಕೊಳ್ಳುತ್ತಿತ್ತು. ತಲೆಕೆಡಿಸಿಕೊಂಡ ಎಂಜಿನಿಯರ್ ಒಬ್ಬರು ಮೀನು ಹಿಡಿಯಲು ಹೋದಾಗ ಹೊಳೆಯಲ್ಲಿ ತೇಲಿಬಂದ ಬಿದಿರಿನ ಎಲೆ ಕಲ್ಲಿಗೆ ತಾಗಿ ತಾನಾಗಿ ನೇರವಾದದ್ದನ್ನು ಕಂಡರಂತೆ. ಟಿಕೆಟ್ ಹೋಗುವ ದಾರಿಯಲ್ಲಿ ಒಂದು ಸಣ್ಣ ತಡೆ ಇಟ್ಟರು. ಓರೆ ಟಿಕೆಟ್ ಅದಕ್ಕೆ ತಾಗಿ ನೇರವಾಗತೊಡಗಿತು. ನನಗೆ ಈ ಕಥೆ ಇಷ್ಟ. ಆದರೆ ಟಿಕೆಟ್ ಓರೆಯಾದದ್ದರ ಬಗ್ಗೆ ಅಷ್ಟು ತಲೆಕೆಡಿಸಿಕೊಂಡ ಜಗತ್ತು, ನಡಿಗೆ ಓರೆಯಾದವರ ಬಗ್ಗೆ ಯಾಕೆ ಕೆಡಿಸಿಕೊಳ್ಳಲಿಲ್ಲ ಎಂದು ಓದುವಾಗಲೆಲ್ಲ ಅನ್ನಿಸುತ್ತದೆ. ಜಪಾನಿನ ಗೇಟುಗಳಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿನ ಹೆಚ್ಚಿನ ಗೇಟುಗಳು ತೆರೆದೇ ಇರುತ್ತವೆ, ಟಿಕೆಟ್ ಸರಿಯಿಲ್ಲದಿದ್ದರೆ ಮಾತ್ರ ಮುಚ್ಚುತ್ತವೆ. ನಮ್ಮ ಮೆಟ್ರೋಗಳದ್ದು ತಿರುಗುಮುರುಗು. ಮುಚ್ಚಿದ್ದು ಸಹಜ ಸ್ಥಿತಿ, ತೆರೆಯುವುದು ಕೃಪೆ.

ದೇಹದ ಕಡೆಯ ಇತಿಹಾಸ ಬೇರೆಯೇ ದಾರಿಯಲ್ಲಿ ನಡೆದಿತ್ತು. ಗಣಿ ಅಪಘಾತದಲ್ಲಿ ಬೆನ್ನುಹುರಿ ಮುರಿದುಕೊಂಡ ಅಮೆರಿಕದ ಹರ್ಬರ್ಟ್ ಎವರೆಸ್ಟ್, ಎಂಜಿನಿಯರ್ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ 1933ರ ಹೊತ್ತಿಗೆ ಮಡಚುವ ಉಕ್ಕಿನ ಗಾಲಿಕುರ್ಚಿ ಮಾಡಿದ. ಕಾರಿನಲ್ಲಿ ಇಟ್ಟುಕೊಂಡು ಹೋಗುವುದಕ್ಕೆ. ಅಂದರೆ ಗಾಲಿಕುರ್ಚಿ ಮನೆಯಿಂದ ಹೊರಟಿತು. ಹೊರಟದ್ದಕ್ಕೆ ದಾರಿ ಬೇಡವೇ? ಒಸಾಕಾದ ಗೇಟು ಬಂದ ಮರುವರ್ಷ, 1968ರಲ್ಲಿ, ಸುಸಾನ್ ಕೊಯ್‌ಫೊಡ್ ಎಂಬ ಡೆನ್ಮಾರ್ಕಿನ ವಿನ್ಯಾಸ ವಿದ್ಯಾರ್ಥಿನಿ ಗಾಲಿಕುರ್ಚಿಯ ಒಂದು ಗೀಟು ಚಿತ್ರ ಬರೆದಳು. ಅದಕ್ಕೆ ತಲೆ ಇರಲಿಲ್ಲ, ಬರೀ ಕುರ್ಚಿ. ಆಮೇಲೆ ಕಾರ್ಲ್ ಮೊಂಟಾನ್ ಮೇಲೊಂದು ಸೊನ್ನೆ ಸೇರಿಸಿ ಅದನ್ನು ಮನುಷ್ಯನನ್ನಾಗಿ ಮಾಡಿದರು. ನಮ್ಮ ನಿಲ್ದಾಣಗಳ ಅಗಲದ ಗೇಟಿನ ಮೇಲೆ ಇಂದು ಕಾಣುವ ನೀಲಿ ಗುರುತು ಅದೇ. ಗೇಟು ಮತ್ತು ಗುರುತು ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಒಂದಕ್ಕೊಂದು ಪರಿಚಯವಾಗಲು ದಶಕಗಳು ಬೇಕಾದವು.

ನಮ್ಮ ದೇಶದಲ್ಲಿ ಮೆಟ್ರೋ ಶುರುವಾದದ್ದು 1984ರಲ್ಲಿ, ಕಲ್ಕತ್ತೆಯಲ್ಲಿ. ಅಂಗವಿಕಲರ ಹಕ್ಕಿನ ಮೊದಲ ಕಾನೂನು ಬಂದದ್ದು 1995ರಲ್ಲಿ. ಜಾವೇದ್ ಆಬಿದಿಯಂಥವರು ಬೀದಿಗಿಳಿದು ಒತ್ತಾಯಿಸಿದ ಮೇಲೆ ಬಂದ ಕಾನೂನು ಅದು. ಅದರ 44ನೆಯ ಸೆಕ್ಷನ್ ಸಾರಿಗೆಯ ಬಗ್ಗೆ ಮಾತಾಡುತ್ತದೆ: ರೈಲು ಡಬ್ಬಿ, ಬಸ್ಸು, ಹಡಗು, ವಿಮಾನ, ಶೌಚಾಲಯ, ನಿರೀಕ್ಷಣಾ ಕೊಠಡಿ. ಎಲ್ಲಕ್ಕೂ ಮೊದಲು ಒಂದು ಷರತ್ತು: ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ. ಅನುವಾದಕಿಯಾಗಿ ಇಂಥ ವಾಕ್ಯಗಳನ್ನು ತುಂಬ ನೋಡಿದ್ದೇನೆ. ವಾಕ್ಯದ ಎಲ್ಲ ಕ್ರಿಯಾಪದಗಳನ್ನೂ ಆ ಒಂದು ತುಣುಕು ನುಂಗಿಬಿಡುತ್ತದೆ. ಗೇಟಿನ ಮಾತು ಅದರಲ್ಲಿ ಇರಲಿಲ್ಲ. ಹೊಸ ಕಾನೂನು, 2016ರದ್ದು, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 41ನೆಯ ಸೆಕ್ಷನ್‌ನಲ್ಲಿ ನಿಲ್ದಾಣಗಳ ಟಿಕೆಟ್ ಕೌಂಟರು, ಟಿಕೆಟ್ ಯಂತ್ರಗಳ ಮಾತು ಹೆಸರು ಹೇಳಿ ಬಂತು.

ಕೊಚ್ಚಿ ಮೆಟ್ರೋ ಉದ್ಘಾಟನೆಯಾದದ್ದು ಅದೇ ವರ್ಷದ ಜೂನ್ 17ರಂದು, ಕಾನೂನು ಬಂದು ಎರಡೇ ತಿಂಗಳಿಗೆ. ಆಲುವಾದಿಂದ ಪಾಲಾರಿವಟ್ಟಂವರೆಗೆ 13 ಕಿ.ಮೀ., ಹನ್ನೊಂದು ನಿಲ್ದಾಣ. ಕೆಲಸ ಮಾಡಿಸಿದ್ದು ದೆಹಲಿ ಮೆಟ್ರೋ ಸಂಸ್ಥೆ, ಮುಖ್ಯ ಸಲಹೆಗಾರರು ನಮ್ಮ ಕೊಂಕಣ ರೈಲಿನ ಇ. ಶ್ರೀಧರನ್. ಲಿಫ್ಟು, ಕುರುಡರ ಕಾಲಿಗೆ ತಿಳಿಯುವ ಹಳದಿ ಹಾಸು, ಅಗಲದ ಗೇಟು ಎಲ್ಲ ಮೊದಲ ದಿನದಿಂದಲೇ ಇದ್ದವು. ನಿಲ್ದಾಣದ ಕೆಲಸಗಳಿಗೆ ಕುಟುಂಬಶ್ರೀಯ ಹೆಂಗಸರನ್ನೂ, ಲಿಂಗತ್ವ ಅಲ್ಪಸಂಖ್ಯಾತರನ್ನೂ ತೆಗೆದುಕೊಂಡದ್ದು ಆಗ ದೇಶವೆಲ್ಲ ಸುದ್ದಿಯಾಗಿತ್ತು. ಗೇಟಿನ ಇತಿಹಾಸದಲ್ಲಿ ಅದು ಅಡ್ಡಮಾತಲ್ಲ. ಯಂತ್ರ ಬಂದ ಮೇಲೆ ಮಾಯವಾಗಿದ್ದ ಟಿಕೆಟ್ ಕಲೆಕ್ಟರ್, ಬೇರೆ ಸೀರೆ ಉಟ್ಟು ಗೇಟಿನ ಪಕ್ಕಕ್ಕೆ ವಾಪಸು ಬಂದಂತೆ.

ಅದೇ 2017ರಲ್ಲಿ ಪಕ್ಕದ ದೊಡ್ಡ ರೈಲಿನಲ್ಲೂ ಒಂದು ಸಂಗತಿ ನಡೆಯಿತು. ಗಾಲಿಕುರ್ಚಿ ಬಳಸುವ ಮುಂಬಯಿಯ ವಿರಾಲಿ ಮೋದಿ, ರೈಲು ಹತ್ತಿಸುವ ನೆಪದಲ್ಲಿ ಪೋರ್ಟರುಗಳು ತನ್ನ ಮೈಮೇಲೆ ಕೈಯಾಡಿಸಿದ್ದನ್ನು ಬಹಿರಂಗವಾಗಿ ಹೇಳಿ ಆನ್‌ಲೈನ್ ಮನವಿ ಶುರುಮಾಡಿದರು. ಎತ್ತಿಕೊಳ್ಳಲು ಜನ ಇದ್ದಾರಲ್ಲ ಎಂಬ ಹಳೆಯ ಉತ್ತರದ ಇನ್ನೊಂದು ಮುಖ ಅದು. ಮಡಚುವ ಇಳಿಜಾರು ಹಲಗೆ, ಡಬ್ಬಿಯ ಕಿರಿದಾದ ದಾರಿಯಲ್ಲಿ ಹಿಡಿಸುವ ಸಪೂರ ಗಾಲಿಕುರ್ಚಿ ಮೊದಲಿಗೆ ಬಂದ ಕೆಲವೇ ನಿಲ್ದಾಣಗಳಲ್ಲಿ ಎರ್ನಾಕುಲಂ ಜಂಕ್ಷನ್ ಕೂಡ ಒಂದು.

ಇಷ್ಟೆಲ್ಲ ಓದಿಕೊಂಡು, ಅತ್ತೆಯನ್ನು ಒಪ್ಪಿಸಿ, ಕಳೆದ ಮಳೆಗಾಲದಲ್ಲಿ ಹೊರಟೆವು. ಒಪ್ಪಿಸಿದ್ದು ನಾನಲ್ಲ, ಕೊಚ್ಚಿಯಲ್ಲಿರುವ ಮೊಮ್ಮಗಳ ನಾಮಕರಣ.

ಮೊದಲು ತಿರುವನಂತಪುರ. ಅಲ್ಲಿ ಮೆಟ್ರೋ ಇಲ್ಲ, ಸೆಂಟ್ರಲ್ ನಿಲ್ದಾಣಕ್ಕೆ ರೆಕ್ಕೆಯ ಗೇಟೂ ಇಲ್ಲ. ತೆರೆದ ಬಾಗಿಲಲ್ಲಿ ಅತ್ತೆ ಯಾರ ಅಪ್ಪಣೆಯೂ ಇಲ್ಲದೆ ಹೊರನಡೆದರು. ಆದರೆ ಕಷ್ಟ ಅದಕ್ಕಿಂತ ಹಿಂದೆಯೇ ಮುಗಿದಿತ್ತು. ನಮ್ಮ ಎತ್ತರದ ಪ್ಲಾಟ್‌ಫಾರಂ ಹಳಿಯಿಂದ 76ರಿಂದ 84 ಸೆಂ.ಮೀ. ಮೇಲಿರುತ್ತದೆ, ಡಬ್ಬಿಯ ನೆಲ ಅದಕ್ಕಿಂತ ಇನ್ನೂ ಒಂದೂವರೆ ಅಡಿಯಷ್ಟು ಮೇಲೆ. ನಡುವೆ ಕಬ್ಬಿಣದ ಮೆಟ್ಟಿಲು, ಸಂದು. ಅತ್ತೆಯನ್ನು ಇಳಿಸಲು ಮೂರು ಜನ ಬೇಕಾದರು. ಮೆಟ್ರೋದಲ್ಲಿ ಇದಕ್ಕೆ ತದ್ವಿರುದ್ಧ: ರೈಲಿನ ನೆಲವೂ ಪ್ಲಾಟ್‌ಫಾರಮ್ಮೂ ಸಮ, ಆದರೆ ಅಲ್ಲಿಗೆ ಮುಟ್ಟುವ ಮೊದಲು ಗೇಟು. ಒಂದು ಕಡೆ ಬಾಗಿಲು ಸಲೀಸು, ಹೊಸ್ತಿಲು ಕಷ್ಟ. ಇನ್ನೊಂದು ಕಡೆ ಹೊಸ್ತಿಲು ಸಲೀಸು, ಬಾಗಿಲು ಕಷ್ಟ. ಯಾವುದು ವಾಸಿ ಎಂದು ಕೇಳಿದರೆ ಎರಡನೆಯದೇ ಎನ್ನುತ್ತೇನೆ, ಗೇಟಿನ ಗುಟ್ಟು ಒಮ್ಮೆ ತಿಳಿದರೆ.

ಗುಟ್ಟು ಇಷ್ಟು. ಗೇಟಿನ ಎರಡೂ ಪಕ್ಕೆಗಳಲ್ಲಿ ಸಾಲಾಗಿ ಕಣ್ಣುಗಳಿರುತ್ತವೆ, ಕಾಣದ ಬೆಳಕಿನ ಎಳೆಗಳು. ಯಾವ ಎಳೆ ಯಾವ ಕ್ರಮದಲ್ಲಿ ತುಂಡಾಯಿತು ಎಂಬುದರಿಂದ ಒಬ್ಬರು ದಾಟಿದರೋ, ಇಬ್ಬರು ಒಂದೇ ಟಿಕೆಟಿನಲ್ಲಿ ನುಗ್ಗಿದರೋ ಎಂದು ಅದು ಊಹಿಸುತ್ತದೆ. ಊಹೆಯ ಮಾದರಿ, ಎಡ ಬಲ ಎಂದು ಸರಸರ ನಡೆಯುವ ಮನುಷ್ಯ. ವಾಕರಿನವರು ಹಾಗೆ ನಡೆಯುವುದಿಲ್ಲ. ಮೊದಲು ವಾಕರ್ ಹೋಗುತ್ತದೆ, ನಿಲ್ಲುತ್ತದೆ, ಒಂದು ಸಂದು ಬಿಟ್ಟು ದೇಹ ಬರುತ್ತದೆ. ಗೇಟಿನ ಕಣ್ಣಿಗೆ ಒಬ್ಬರು ದಾಟಿ ಇನ್ನೊಬ್ಬರು ಹಿಂದೆ ನುಸುಳುತ್ತಿರುವಂತೆ ಕಂಡರೆ ಅದರ ತಪ್ಪಲ್ಲ. ಸಾಮಾನ್ಯ ಗೇಟಿನ ದಾರಿ ಅರ್ಧ ಮೀಟರಿಗಿಂತ ತುಸು ಹೆಚ್ಚು; ಕೈಯಿಂದ ತಳ್ಳುವ ಗಾಲಿಕುರ್ಚಿಯೇ 60ರಿಂದ 70 ಸೆಂ.ಮೀ. ಇರುತ್ತದೆ. ಅಗಲದ ಗೇಟು ಸುಮಾರು 90 ಸೆಂ.ಮೀ., ಸಾಲಿನ ತುದಿಯಲ್ಲಿ, ಸಾಮಾನ್ಯವಾಗಿ ಸಿಬ್ಬಂದಿಯ ಕಣ್ಣಳತೆಯಲ್ಲಿ. ವಾಕರ್, ಊರುಗೋಲು, ಕಂಕುಳ ಕೋಲು ಹಿಡಿದವರೂ ಅದರಲ್ಲೇ ಹೋಗಬಹುದು. ಗುರುತಿನಲ್ಲಿ ಗಾಲಿಕುರ್ಚಿ ಇದೆ, ನಮಗಲ್ಲ ಎಂದು ಅತ್ತೆಯೂ ನಾನೂ ಹಿಂದಿನ ಸಲ ಅದನ್ನು ಬಿಟ್ಟು ಪಕ್ಕದ ಸಪೂರ ಗೇಟಿಗೆ ಹೋಗಿದ್ದೆವು. ಒಂದು ಚಿತ್ರವನ್ನು ತೀರ ಅಕ್ಷರಶಃ ಅನುವಾದಿಸಿಕೊಂಡ ತಪ್ಪು, ಅದೂ ನಾನು.

ಎರ್ನಾಕುಲಂ ಸೌತ್ ಮೆಟ್ರೋ ನಿಲ್ದಾಣದಲ್ಲಿ ಈ ಸಲ ಮೊದಲೇ ಕೂತು ತಯಾರಿ ಮಾಡಿದೆವು. ಹೊರಗೆ ಮಳೆ, ವಾಕರಿನ ರಬ್ಬರ್ ಬುಷ್ ಒದ್ದೆ. ಒರೆಸಿದೆ, ಇಲ್ಲದಿದ್ದರೆ ನುಣುಪು ನೆಲದಲ್ಲಿ ಜಾರುತ್ತದೆ. ವಾಕರಿಗೆ ನೇತುಹಾಕಿದ್ದ ಚೀಲ ನನ್ನ ಹೆಗಲಿಗೆ ಬಂತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆವು; ರೆಕ್ಕೆಗೆ ಸೆರಗು ಸಿಕ್ಕಿದರೆ ಹಿಂದಕ್ಕೆ ಎಳೆಯುವುದು ದೇಹವನ್ನು. ಕೊಚ್ಚಿಯಲ್ಲಿ ಟೋಕನ್ ಇಲ್ಲ, ಕ್ಯೂಆರ್ ಅಚ್ಚಾದ ಕಾಗದ, ಮೊಬೈಲ್, ಇಲ್ಲವೇ ಕೊಚ್ಚಿ ಒನ್ ಕಾರ್ಡ್. ನಡುಗುವ ಕೈಗೆ ಕಾರ್ಡೇ ವಾಸಿ: ಕ್ಯೂಆರನ್ನು ಗಾಜಿನ ಮೇಲೆ ಅಲ್ಲಾಡದೆ ಹಿಡಿಯಬೇಕು, ಕಾರ್ಡು ತಾಗಿದರೆ ಸಾಕು. ಇಬ್ಬರಿಗೂ ಬೇರೆ ಬೇರೆ ಟಿಕೆಟ್. ಸಹಾಯಕ್ಕೆ ಬಂದವರು ಅದೇ ತೆರೆದ ಗೇಟಿನಲ್ಲಿ ಅಂಟಿಕೊಂಡು ಹೋದರೆ ಯಂತ್ರ ಅದನ್ನೇ ನುಸುಳಾಟ ಎಂದು ಓದುತ್ತದೆ.

ಇನ್ನೊಂದು ತೊಡಕು ಕಾರ್ಡ್ ಮುಟ್ಟಿಸುವ ಜಾಗ. ಅದು ಬಲಗಡೆ ಇರುತ್ತದೆ, ಅತ್ತೆಯ ಸೋತ ಕೈ ಬಲಗೈ. ಎಡಗೈಯನ್ನು ಅಡ್ಡ ಚಾಚಿದರೆ ತೂಕ ಒಂದೇ ಕಡೆ ವಾಲುತ್ತದೆ. ಇದನ್ನು ಯಾವ ಕಾನೂನೂ ಬರೆದಿಲ್ಲ, ಬರೆಯುವುದೂ ಕಷ್ಟ. ಸಿಬ್ಬಂದಿಯ ಹೆಂಗಸೊಬ್ಬರು ನಮ್ಮ ಚರ್ಚೆ ನೋಡಿ ತಾವೇ ಬಂದರು. ಕಾರ್ಡನ್ನು ಅವರೇ ಹಿಡಿದರು, ಆದರೆ ಮುಟ್ಟಿಸಲಿಲ್ಲ. ಅತ್ತೆ ವಾಕರನ್ನು ಗೇಟಿನ ಬಾಯಿಗೆ ತಂದು, ಎರಡೂ ಕಾಲು ಅದಕ್ಕೆ ಹತ್ತಿರ ಕೂಡಿಸಿ, ನೆಟ್ಟಗೆ ನಿಲ್ಲುವವರೆಗೆ ಕಾದರು. ಆಮೇಲೆ, "ಪದುಕ್ಕೆ ಮದಿ ಅಮ್ಮೇ" ಎಂದು ಕಾರ್ಡ್ ಮುಟ್ಟಿಸಿದರು. ನಿಧಾನ ಸಾಕು.

ಹಿಂದಿನ ಸಲ ನಾನು ಮಾಡಿದ್ದ ತಪ್ಪು ಆಗ ನನಗೆ ಕಂಡಿತು. ಮೊದಲು ಟೋಕನ್ ಮುಟ್ಟಿಸಿ, ಆಮೇಲೆ ಅತ್ತೆಯನ್ನು ಹೊರಡಿಸಿದ್ದೆ. ಯಂತ್ರದ ಗಡಿಯಾರ ಶುರುವಾಗುವುದು ಮುಟ್ಟಿಸಿದ ಕ್ಷಣದಿಂದ. ಅವರು ನಿಂತು, ಊರಿ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವರ ಪಾಲಿನ ಸೆಕೆಂಡುಗಳನ್ನು ನಾನೇ ಖರ್ಚು ಮಾಡಿದ್ದೆ. ಹೊರಡಲು ಸಿದ್ಧವಾದ ಮೇಲೆ ಮುಟ್ಟಿಸಬೇಕು. ನಡುವೆ ಮುಚ್ಚತೊಡಗಿದರೆ ಹಿಂದಕ್ಕೆ ಹಾರಬಾರದು, ಇದ್ದಲ್ಲೇ ನಿಂತು ಕೂಗಬೇಕು. ಸಿಬ್ಬಂದಿ ಒಳಗಿನಿಂದ ತೆರೆಯುತ್ತಾರೆ. ಬೆಂಕಿ ಮುಂತಾದ ಅಪಾಯದ ಹೊತ್ತಿನಲ್ಲಿ ಎಲ್ಲ ಗೇಟುಗಳೂ ಒಟ್ಟಿಗೆ ತೆರೆದುಕೊಳ್ಳುವಂತೆ ವ್ಯವಸ್ಥೆ ಇರುತ್ತದೆ ಎಂದು ಆಕೆ ಹೇಳಿದಾಗ ಅತ್ತೆ, "ಹಾಗಾದರೆ ಬೆಂಕಿ ಬಿದ್ದರೆ ನಮಗೆ ಸಲೀಸು" ಎಂದರು. ಮಲಯಾಳಂನಲ್ಲೇ. ಆಕೆಗೆ ನಗು ತಡೆಯಲಾಗಲಿಲ್ಲ.

ಎಡಪ್ಪಳ್ಳಿಯಲ್ಲಿ ಇಳಿದು ಹೊರಬರುವ ಗೇಟನ್ನು ಅತ್ತೆ ಹೆಚ್ಚು ಮಾತಿಲ್ಲದೆ ದಾಟಿದರು. ನಾಮಕರಣ ಮುಗಿದ ಮರುದಿನ ತಾವಾಗಿಯೇ ತೃಪ್ಪೂಣಿತ್ತುರದ ದೇವರನ್ನು ನೋಡಬೇಕು ಎಂದರು. 2024ರ ಮಾರ್ಚಿನಿಂದ ಮೆಟ್ರೋ ಅಲ್ಲಿಯವರೆಗೂ ಹೋಗುತ್ತದೆ. ಮೊದಲ ರೈಲಿಗಾಗಿ ಚಿನ್ನ ಕೊಟ್ಟ ದೇವಸ್ಥಾನದ ಊರಿಗೆ ಇಪ್ಪತ್ತೈದನೆಯ ನಿಲ್ದಾಣವಾಗಿ. ದಾರಿಯಲ್ಲಿ ವೈಟ್ಟಿಲದಲ್ಲಿ ವಾಟರ್ ಮೆಟ್ರೋ ತೋರಿಸಿದೆ. 2023ರಲ್ಲಿ ಶುರುವಾದ ಈ ದೋಣಿಗಳ ಕಟ್ಟೆ ನೀರಿನ ಮೇಲೆ ತೇಲುತ್ತದೆ. ಉಬ್ಬರವಿರಲಿ ಇಳಿತವಿರಲಿ, ಕಟ್ಟೆಯೂ ದೋಣಿಯೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದು ಸಮವಾಗಿಯೇ ಉಳಿಯುತ್ತವೆ. ಅತ್ತೆ ಬಹಳ ಹೊತ್ತು ಅದನ್ನು ನೋಡುತ್ತ ನಿಂತರು. ಹುಟ್ಟಿದ್ದು ಮಲೆನಾಡಿನ ಹೊಳೆಬದಿ, ದೋಣಿ ಹತ್ತುವುದೆಂದರೆ ಕೆಸರಿನಲ್ಲಿ ಇಳಿದು ಯಾರದೋ ಭುಜ ಹಿಡಿದು ಹಾರುವುದು ಎಂದೇ ಅವರ ಲೆಕ್ಕ.

ಊರಿಗೆ ಬಂದ ಮೇಲೆ ನನಗೊಂದು ಕೆಲಸ ಬಂದಿತ್ತು, ಪ್ರಯಾಣಿಕರಿಗಾಗಿ ಒಂದು ಸೂಚನೆಯ ಹಾಳೆ, ಇಂಗ್ಲಿಷಿನಿಂದ ಕನ್ನಡಕ್ಕೆ. ಅಗಲದ ಗೇಟಿನ ಮುಂದೆ "ಅಂಗವಿಕಲರಿಗೆ ಮಾತ್ರ" ಎಂದು ಬರೆಯಬೇಕಿತ್ತು. ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆ.

"ಅಂಗವಿಕಲರು ಅಂದರೆ ಯಾರು?" ಎಂದರು.

"ನೀವೇ ಅತ್ತೆ."

"ನಾನೆಂತಕ್ಕೆ? ನನಗೆ ಕಾಲು ಸ್ವಲ್ಪ ನಿಧಾನ, ಅಷ್ಟೆ. ಹಾಗೆ ಬರೆದರೆ ನಾನು ಆ ಗೇಟಿಗೆ ಹೋಗುವವಳಲ್ಲ ನೋಡು."

"ನಿಧಾನವಾಗಿ ನಡೆಯುವವರಿಗೆ ಈ ಗೇಟು" ಎಂದು ಬದಲಿಸಿ ಕಳಿಸಿದೆ. ಒಪ್ಪುತ್ತಾರೋ ಇಲ್ಲವೋ, ಇನ್ನೂ ಉತ್ತರ ಬಂದಿಲ್ಲ. ಫೋನಿಡುವ ಮೊದಲು ಅತ್ತೆ ಕೇಳಿದ್ದು ಬೇರೆ: ಕೊಚ್ಚಿಯ ಆ ಕಾರ್ಡಿನಲ್ಲಿ ದುಡ್ಡು ಎಷ್ಟು ಉಳಿದಿದೆ, ಓಣಂಗೆ ಹೋಗಿ ಬರಲು ಸಾಕಾದೀತೇ ಎಂದು.